ಸುರಂಗದೊಳಗೆ ಹೊಕ್ಕ ಕಾರಿಗೆ ಸಮಯ ಹೇಳುವವರು ಯಾರು?

ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಡಿಕ್ಕಿ ತಪ್ಪಿಸಲು ಗಾಡಿಗಳು ರೇಡಿಯೋದಲ್ಲಿ ಒಂದಕ್ಕೊಂದು ತಮ್ಮ ಜಾಗ ಹೇಳಿಕೊಳ್ಳುವಾಗ, ಬರೀ ‘ಇಲ್ಲಿದ್ದೇನೆ’ ಅಂದರೆ ಸಾಲದು, ಯಾವ ಗಳಿಗೆಯಲ್ಲಿ ಅಂತಲೂ ಹೇಳಬೇಕು. ಎರಡು ಕಾರುಗಳ ಗಡಿಯಾರ 100 ಮಿಲಿಸೆಕೆಂಡ್ ಆಚೀಚೆಯಾದರೆ ಜಾಗದ ಲೆಕ್ಕ ಸುಮಾರು 3 ಮೀಟರ್ ತಪ್ಪುತ್ತದೆ. ಬ್ರೇಕ್ ಎಚ್ಚರಿಕೆಗೆ ಇದು ಜಾಸ್ತಿಯೇ ಆಯಿತು, ಅಲ್ವಾ?

ಮನೆಯ ವೈಫೈನಲ್ಲಿ ರೂಟರೇ ಯಜಮಾನ. ಅದು ಆಗಾಗ ಕಳಿಸುವ ಬೀಕನ್ ಎಂಬ ಪುಟ್ಟ ಸಂಕೇತ ನೋಡಿ ಫೋನುಗಳು ಸಮಯ ಸರಿಪಡಿಸಿಕೊಳ್ಳುತ್ತವೆ. ಹೆದ್ದಾರಿಯಲ್ಲಿ ಎದುರಿನ ಗಾಡಿ ಕೆಲವೇ ಸೆಕೆಂಡು ಸಿಗುತ್ತದೆ. ಅದಕ್ಕೇ ಗಾಡಿಗಳಿಗೆಂದೇ ಮಾಡಿದ ವೈಫೈ ಬಗೆಯಾದ 802.11ಪಿ ಮಾನದಂಡದಲ್ಲಿ ಗಾಡಿಗಳು ಯಾವ ನೆಟ್‌ವರ್ಕಿಗೂ ಸೇರದೆ ನೇರವಾಗಿ ಮಾತಾಡುತ್ತವೆ. ಸಮಯ ಸಾಮಾನ್ಯವಾಗಿ ಉಪಗ್ರಹದಿಂದ ಬರುತ್ತದೆ.

ಉಪಗ್ರಹ ಕಾಣದಿದ್ದರೆ? ಹಿಮಾಚಲದ ಅಟಲ್ ಸುರಂಗ 9.02 ಕಿ.ಮೀ. ಉದ್ದ. 60 ಕಿ.ಮೀ. ವೇಗದಲ್ಲಿ ದಾಟಲು 9 ನಿಮಿಷ ಬೇಕು. ಗಾಡಿಯ ಗಡಿಯಾರ ನಡೆಸುವ, ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡಿನಷ್ಟು ತಪ್ಪುವ ಅಗ್ಗದ ಸ್ಫಟಿಕ ಅಷ್ಟರಲ್ಲಿ ಸುಮಾರು 11 ಮಿಲಿಸೆಕೆಂಡ್ ಜಾರುತ್ತದೆ. ಒಂದೇ ರೇಡಿಯೋ ಇರುವ ಗಾಡಿ 50 ಮಿಲಿಸೆಕೆಂಡಿಗೊಮ್ಮೆ ಚಾನೆಲ್ ಬದಲಿಸುವ ಪದ್ಧತಿಯಲ್ಲಿ, ಪ್ರತಿ ಸರದಿಯ ಮೊದಲಿಗೆ ಬಿಡುವ ಖಾಲಿ ಹೊತ್ತು ಬರೀ 4 ಮಿಲಿಸೆಕೆಂಡ್. ಗಡಿಯಾರಗಳ ವ್ಯತ್ಯಾಸ ಅದನ್ನು ಮೀರಿದರೆ ಒಬ್ಬರು ಹೇಳುವಾಗ ಇನ್ನೊಬ್ಬರು ಬೇರೆ ಚಾನೆಲ್ಲಿನಲ್ಲಿರುತ್ತಾರೆ.

ಉಪಗ್ರಹ ಕಾಣುತ್ತಿರುವಾಗಲೇ ಸ್ಫಟಿಕ ಎಷ್ಟು ತಪ್ಪುತ್ತದೆ ಅಂತ ಅಳೆದಿಟ್ಟುಕೊಂಡು, ಸುರಂಗದೊಳಗೆ ಆ ತಪ್ಪನ್ನು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದು. ಆದರೆ ಬಿಸಿ-ತಂಪು ಬದಲಾದರೆ ಆ ಅಳತೆಯೂ ಕೆಡುತ್ತದೆ.

ಅಕ್ಕಪಕ್ಕದ ಎಲ್ಲ ಗಾಡಿಗಳ ಸಮಯದ ಸರಾಸರಿ ತೆಗೆಯಿರಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜೊತೆಯಲ್ಲೇ ಒಳಬಂದ ಗಾಡಿಗಳೂ ಅಷ್ಟೇ ಹೊತ್ತು ಉಪಗ್ರಹ ಕಂಡಿಲ್ಲ. ಸುರಂಗದ ಕೊನೆಗೆ ಬರುತ್ತಿರುವ ಕಾರಿಗೆ ತಾಜಾ ಸಮಯ ಸಿಗುವುದು ಎದುರಿನಿಂದ ಈಗಷ್ಟೇ ಒಳಬಂದ ಗಾಡಿಯಿಂದ. ವೇಗವನ್ನು ನಾವು ತೊಂದರೆ ಅಂತಲೇ ನೋಡುತ್ತೇವೆ. ಇಲ್ಲಿ ಸಮಯ ಹೊತ್ತು ತರುವುದು ಅದೇ ವೇಗ! ರೇಡಿಯೋ ಅಲೆ 300 ಮೀಟರ್ ದಾಟಲು ಹಿಡಿಯುವುದು 1 ಮೈಕ್ರೋಸೆಕೆಂಡ್, ಅದನ್ನು ಇಲ್ಲಿ ಬಿಟ್ಟುಬಿಡಬಹುದು. ತೊಡಕಿರುವುದು ಸಂದೇಶ ಸಾಫ್ಟ್‌ವೇರಿನಲ್ಲಿ ಸರದಿ ಕಾಯುವಾಗ ಆಗುವ ತಡದಲ್ಲಿ. ಆದ್ದರಿಂದ ಸಮಯದ ಮುದ್ರೆಯನ್ನು ರೇಡಿಯೋ ಚಿಪ್ಪೇ ಒತ್ತಬೇಕು. ಉಪಗ್ರಹ ಕಂಡು ಎಷ್ಟು ಹೊತ್ತಾಯಿತು ಅನ್ನುವುದೂ ಸಂದೇಶದಲ್ಲಿರಬೇಕು. ಇದಕ್ಕಾಗಿ ನಾನು ಹಠ ಹಿಡಿಯುತ್ತೇನೆ.

ಸುರಂಗದಿಂದ ಹೊರಬಂದ ಮೇಲೆ ಮುಂದೋಡಿದ ಗಡಿಯಾರವನ್ನು ಸುಮ್ನೆ ಹಿಂದಕ್ಕೆ ತಿರುಗಿಸಬೇಡಿ. ಹೊಸ ಸಂದೇಶದ ಸಮಯ ಹಿಂದಿನದಕ್ಕಿಂತ ಮೊದಲಿನದಾದರೆ, ಕೇಳುವ ಗಾಡಿ ಅದನ್ನು ಹಳೆಯದೆಂದು ಎಸೆಯಬಹುದು. ಗಡಿಯಾರದ ಓಟವನ್ನೇ ಸ್ವಲ್ಪ ನಿಧಾನಿಸಿ, ಸಮಯ ತಾನಾಗಿ ಹೊಂದಿಕೊಳ್ಳಲಿ.