ನಾಲ್ಕು ನಿಮಿಷದ ಹಾಡಿಗೆ ಎಷ್ಟು ಊರು ಬೇಕು?

ಪ್ರಶ್ನೆ: ನಾವು ಮಂಡ್ಯದ ಗೆಳೆಯರು ಸೇರಿ ಒಂದು ಪ್ರೇಮಗೀತೆಗೆ ವಿಡಿಯೋ ಮಾಡಬೇಕೆಂದಿದ್ದೇವೆ. ಮೇಲುಕೋಟೆ, ಬೃಂದಾವನ, ಗಗನಚುಕ್ಕಿ, ಮೈಸೂರು ಅರಮನೆ ಎಲ್ಲವೂ ಪಟ್ಟಿಯಲ್ಲಿವೆ. ಇಷ್ಟೆಲ್ಲ ತೋರಿಸಿದರೆ ಹಾಡು ಅದ್ದೂರಿಯಾಗಿ ಕಾಣುತ್ತದೆಯಲ್ಲವೇ?

ಉತ್ತರ: ಇಲ್ಲ, ಪ್ರವಾಸೋದ್ಯಮದ ಜಾಹೀರಾತಿನಂತೆ ಕಾಣುತ್ತದೆ. ನಾಲ್ಕು ನಿಮಿಷದಲ್ಲಿ ನಾಲ್ಕು ಊರು ಸುತ್ತಿಸಿದರೆ ನೋಡುವವರು ಜಾಗ ಗುರುತಿಸುವುದರಲ್ಲೇ ಮಗ್ನರಾಗುತ್ತಾರೆ. ಹಾಡಿನ ಸಾಲುಗಳು ಕಿವಿಗೆ ಬೀಳುವುದೇ ಇಲ್ಲ.

ಪಟ್ಟಿಯನ್ನು ಬದಿಗಿಟ್ಟು ಮೊದಲು ಯೋಚಿಸಬೇಕಾದದ್ದು, ಹಾಡಿನಲ್ಲಿರುವ ಹುಡುಗನಿಗೆ ಅಲ್ಲಿ ಏನು ಕೆಲಸ ಎಂಬುದನ್ನು. ಮೇಲುಕೋಟೆಯ ರಾಯಗೋಪುರದ ಕಂಬಗಳ ನಡುವೆ ಕೈಚಾಚಿ ನಿಲ್ಲುವ ಜೋಡಿಗಳನ್ನು ನಮ್ಮ ಸಿನಿಮಾಗಳು ಬೇಕಾದಷ್ಟು ತೋರಿಸಿವೆ. ಅದೇ ಹುಡುಗ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನಾದರೆ ಅವನಿಗೊಂದು ಬದುಕು ಬಂತು, ಹುಡುಗಿ ಅತ್ತ ಸುಳಿಯುವುದಕ್ಕೊಂದು ನೆಪವೂ ಸಿಕ್ಕಿತು. ಕೊಪ್ಪರಿಗೆಯ ಹಬೆ, ಒಲೆಯ ಕೆಂಪು ಬೆಳಕು ಎರಡೂ ಪುಕ್ಕಟೆ. ಆದರೆ ಹಬೆಗೆ ಹಿಂದಿನಿಂದ ಬೆಳಕು ಬೀಳಬೇಕು. ಬೆಳಗಿನ ಬಿಸಿಲು ಒಳಬರುವ ಕಡೆಗೆ ಮುಖಮಾಡಿ ಕ್ಯಾಮೆರಾ ಇಡಿ, ಕೊಪ್ಪರಿಗೆ ನಡುವೆ ಬರಲಿ. ಹಬೆ ಬೆಳ್ಳಿಯಂತೆ ಏಳುತ್ತದೆ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ಚಿತ್ರಿಸಿದರೆ ಅದೇ ಹಬೆ ಮಬ್ಬು ಕಲೆಯಾಗುತ್ತದೆ.

ಉಡುಪನ್ನೂ ಜಾಗ ನೋಡಿಯೇ ಆರಿಸಬೇಕು. ನಾಟಿಯಾದ ಗದ್ದೆಯಲ್ಲಿ ಹಸಿರು ಸೀರೆ ಕಳೆದುಹೋಗುತ್ತದೆ, ಕುಂಕುಮದ ಕೆಂಪು ದೂರಕ್ಕೂ ಹೊಡೆದು ಕಾಣುತ್ತದೆ. ಅದೇ ಗದ್ದೆ ಕೊಯ್ಲಿಗೆ ಬಂದು ಹೊಂಬಣ್ಣಕ್ಕೆ ತಿರುಗಿದಾಗ ಕಡುನೀಲಿ ಒಪ್ಪುತ್ತದೆ. ಬಾಡಿಗೆಗೆ ತಂದ ಮಿರಿಮಿರಿ ಶೇರ್ವಾನಿಯನ್ನು ದಯವಿಟ್ಟು ಹಿಂದಿರುಗಿಸಿ. ಇಸ್ತ್ರಿಯ ಮಡಿಕೆ ಎದ್ದು ಕಾಣುವ ಹೊಸ ಅಂಗಿಗಿಂತ ನಾಲ್ಕು ಸಲ ಒಗೆದ ಅಂಗಿಯೇ ಆಲೆಮನೆಯ ಹುಡುಗನಿಗೆ ಸರಿ.

ಅರಮನೆ ಬೇಕೇ ಬೇಕು ಎನ್ನುವುದಾದರೆ ಹೊತ್ತು ನೋಡಿಕೊಳ್ಳಿ. 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ವಿನ್ಯಾಸದಂತೆ ಕಟ್ಟಿ 1912ರಲ್ಲಿ ಮುಗಿಸಿದ ಈ ಕಟ್ಟಡಕ್ಕೆ ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ದೀಪಾಲಂಕಾರವಿರುತ್ತದೆ, ಸಾಮಾನ್ಯವಾಗಿ ಏಳರ ಸುಮಾರಿಗೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಆಕಾಶ ಕಪ್ಪಾಗಿರುತ್ತದೆ. ಬಲ್ಬುಗಳಷ್ಟೇ ಉರಿದು ಮುಖಗಳು ಮಸಿಯಾಗುತ್ತವೆ. ಮೇ, ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಆರೂಮುಕ್ಕಾಲರ ಆಸುಪಾಸಿನಲ್ಲಿ. ದೀಪ ಹತ್ತಿದಾಗ ಆಕಾಶದಲ್ಲಿನ್ನೂ ನೀಲಿ ಉಳಿದಿರುತ್ತದೆ, ಆ ನೀಲಿಯ ಮುಂದೆ ಬಲ್ಬಿನ ಹಳದಿ ಮೆರೆಯುತ್ತದೆ. ಕೈಗೆ ಸಿಗುವುದು ಕೆಲವೇ ನಿಮಿಷ, ಮಳೆಮೋಡದ ಕಾಟ ಬೇರೆ. ಅರಮನೆಯ ಆವರಣಕ್ಕಾಗಲಿ, ಶ್ರೀರಂಗಪಟ್ಟಣದ ದರಿಯಾ ದೌಲತ್‌ನಂಥ ಸಂರಕ್ಷಿತ ಸ್ಮಾರಕಕ್ಕಾಗಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಡ್ರೋನ್ ಹಿಡಿದು ಹೋಗಿ ಕಾವಲುಗಾರರ ಜೊತೆ ವಾದಕ್ಕಿಳಿಯಬೇಡಿ.

ನಿಧಾನಗತಿಯ ದೃಶ್ಯ ಬೇಕಾದರೆ ಕ್ಯಾಮೆರಾವನ್ನು ಸೆಕೆಂಡಿಗೆ 50 ಫ್ರೇಮಿಗೆ ಇಟ್ಟು, ಸ್ಪೀಕರಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ನಟಿಸುವವರು ಅದಕ್ಕೇ ತುಟಿ ಆಡಿಸಲಿ. ಸಂಕಲನದಲ್ಲಿ 25 ಫ್ರೇಮಿಗೆ ಇಳಿಸಿದಾಗ ನಡಿಗೆ, ಸೆರಗು, ಹಬೆ ಎಲ್ಲ ತೇಲುತ್ತವೆ, ತುಟಿ ಮಾತ್ರ ಮೂಲ ಹಾಡಿಗೆ ಕೂಡಿಕೊಳ್ಳುತ್ತದೆ. ಆ ವೇಗದಲ್ಲಿ ಗಾಯಕನ ದನಿ ಕೀರಲಾಗಿ ಕೇಳಿಸಿ ಎಲ್ಲರಿಗೂ ನಗು ಬರುವುದು ಖಂಡಿತ. ಆ ನಗುವನ್ನು ಮನೆಯಲ್ಲೇ ಅಭ್ಯಾಸ ಮಾಡುವಾಗ ಮುಗಿಸಿಕೊಂಡು ಬನ್ನಿ.