ಕೂಲಿ: ಸಂಬಳದ ಹೆಸರು ಜನಾಂಗದ ಬೈಗುಳ ಆಗಿದ್ದು

ನಮ್ಮಲ್ಲಿ ಕೂಲಿ ಅಂದ್ರೆ ದುಡ್ಡು. ದಿನಕ್ಕೆ ಎಷ್ಟು ಕೂಲಿ, ಕೂಲಿ ಬಟವಾಡೆ ಆಯ್ತಾ, ಉದ್ಯೋಗ ಖಾತ್ರಿ ಕೂಲಿ ಅಕೌಂಟಿಗೆ ಬಂತಾ ಅಂತ ಕೇಳ್ತೀವಿ, ದುಡಿಯೋ ಮನುಷ್ಯನ್ನ ಹೇಳ್ಬೇಕಾದ್ರೆ ಕೂಲಿಯವರು, ಕೂಲಿಕಾರರು, ಕೂಲಿಯಾಳು ಅಂತ ಏನಾದ್ರೂ ಸೇರಿಸ್ಕೊಂಡು ಹೇಳ್ತೀವಿ. ಇದೇ ಎರಡಕ್ಷರದ ಪದ ದಕ್ಷಿಣ ಆಫ್ರಿಕಾದಲ್ಲಿ, ಟ್ರಿನಿಡಾಡ್‌ನಲ್ಲಿ, ಗಯಾನಾದಲ್ಲಿ ಭಾರತೀಯ ಮೂಲದವರನ್ನ ಹೀಯಾಳಿಸೋ ಬೈಗುಳ. ಅಲ್ಲಿ ಡಾಕ್ಟರ್, ಲಾಯರ್, ಅಂಗಡಿ ಸಾಹುಕಾರ ಯಾರೇ ಆಗಿರ್ಲಿ, ಮೈಬಣ್ಣ ನೋಡಿ ಎಸೆಯೋ ಮಾತು ಅದು. ಅರ್ಥ ಇಷ್ಟು ದೂರ ಹೋಗಿದ್ದು ಹೇಗೆ ಅನ್ನೋದು ಭಾಷಾ ವಿಜ್ಞಾನದ ಪ್ರಶ್ನೆ ಅನ್ನಿಸುತ್ತೆ, ಆದ್ರೆ ಅರ್ಧ ಉತ್ತರ ಇರೋದು ಹಡಗಿನ ದಾಖಲೆಗಳಲ್ಲಿ.

ಮೊದ್ಲು ಮೂಲದ ವಿಷ್ಯ. ಕನ್ನಡ, ತಮಿಳಲ್ಲಿ ಕೂಲಿ ಅಂದ್ರೆ ದುಡಿಮೆಗೆ ಕೊಡೋ ಹಣ, ಇದ್ರಲ್ಲಿ ತಕರಾರಿಲ್ಲ. ಆದ್ರೆ ಇಂಗ್ಲಿಷಿನ ಪದ ಬಂದಿದ್ದು ಇಲ್ಲಿಂದ್ಲೇನಾ ಅಂತ ಚರ್ಚೆ ಇದೆ. ಗುಜರಾತ್ ಕಡೆ ಕೋಳಿ ಅನ್ನೋ ಸಮುದಾಯ ಇದೆ, ಪೋರ್ಚುಗೀಸರು ಪಶ್ಚಿಮ ಕರಾವಳಿಯಲ್ಲಿ ಆ ಹೆಸರನ್ನ ಕೇಳಿ ಕೆಲಸದವರಿಗೆಲ್ಲ ಅಂಟಿಸಿರಬಹುದು ಅನ್ನೋದು ಒಂದು ವಾದ. 1886ರಲ್ಲಿ ಬಂದ, ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ ಹಾಬ್ಸನ್-ಜಾಬ್ಸನ್ ನಿಘಂಟು ಈ ಕಡೆಗೇ ವಾಲುತ್ತೆ, ಜೊತೆಗೆ ದಕ್ಷಿಣದ ಕೂಲಿಯನ್ನೂ ಹೇಳುತ್ತೆ. ನನಗನ್ಸೋದು ಎರಡೂ ಸೇರ್ಕೊಂಡಿವೆ ಅಂತ, ಒಂದು ಕರಾವಳಿಯಲ್ಲಿ ಕೇಳಿದ ಹೆಸರಿಗೆ ಇನ್ನೊಂದು ಕರಾವಳಿಯಲ್ಲಿ ಕೇಳಿದ ಪದ ಬಲ ಕೊಡ್ತು, ಬಂದರಿನ ವ್ಯಾಪಾರಿಗಳಿಗೆ ವ್ಯತ್ಯಾಸ ಬೇಕಿರಲಿಲ್ಲ. ಚೀನೀಯರಂತೂ ಇದನ್ನ 'ಕಷ್ಟ', 'ಬಲ' ಅನ್ನೋ ಅರ್ಥದ ಎರಡು ಅಕ್ಷರಗಳಲ್ಲಿ ಬರೆದ್ರು, ಸದ್ದೂ ಹೊಂದುತ್ತೆ ಅರ್ಥನೂ ಹೊಂದುತ್ತೆ, ಹಾಗಾಗಿ ಇದು ಚೀನೀ ಪದಾನೇ ಅಂತ ನಂಬಿರೋರೂ ಇದಾರೆ.

ಸಂಬಳದ ಹೆಸರು ಸಂಬಳ ತಗೊಳ್ಳೋನ ಹೆಸರಾಗೋದು ಭಾಷೆಯಲ್ಲಿ ದಿನಾ ನಡೆಯೋದೇ. 'ಖಾಕಿ ಬಂತು' ಅಂದ್ರೆ ಬಟ್ಟೆ ಬಂತು ಅಂತ ಯಾರೂ ತಿಳ್ಕೊಳ್ಳಲ್ಲ. ಇಲ್ಲಿವರೆಗೂ ಅವಮಾನ ಇಲ್ಲ. ಅದಾದ್ಮೇಲಿನ ಹೆಜ್ಜೆ, ಅಂದ್ರೆ ಕೆಲಸಗಾರನ ಹೆಸರು ಇಡೀ ಜನಾಂಗದ ಹೆಸರಾಗೋದು, ಅದು ತಾನಾಗೇ ಆಗಿದ್ದಲ್ಲ.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದತಿ ಕಾಯ್ದೆ 1834ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕಬ್ಬಿನ ತೋಟದ ಮಾಲೀಕರಿಗೆ ಕಡಿಮೆ ದುಡ್ಡಿಗೆ ದುಡಿಯೋ ಕೈಗಳು ಬೇಕಿತ್ತು, ಅದೇ ವರ್ಷ ನವೆಂಬರ್‌ನಲ್ಲಿ ಅಟ್ಲಾಸ್ ಅನ್ನೋ ಹಡಗು 36 ಭಾರತೀಯರನ್ನ ಹೊತ್ಕೊಂಡು ಮಾರಿಷಸ್ ತಲುಪ್ತು. 1838ರಲ್ಲಿ ಗಯಾನಾ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ಮದ್ರಾಸಿನಿಂದ ಹೊರಟ ಟ್ರೂರೋ ಹಡಗು ಡರ್ಬನ್‌ಗೆ, 1879ರಲ್ಲಿ ಫಿಜಿಗೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೋದ್ರು. ಡರ್ಬನ್ ಇರೋ ನೇಟಾಲ್ ಪ್ರಾಂತ್ಯದಲ್ಲಿ 5 ವರ್ಷದ ಕರಾರು, ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್. ಅಗ್ರಿಮೆಂಟ್ ಅನ್ನೋದು ಅವರ ಬಾಯಲ್ಲಿ ಗಿರ್ಮಿಟ್ ಆಯ್ತು, ಅವರು ತಮ್ಮನ್ನ ತಾವು ಕರ್ಕೊಂಡಿದ್ದು ಗಿರ್ಮಿಟಿಯಾ ಅಂತ. ಕೂಲಿ ಅಂದಿದ್ದು ಮಾಲೀಕರು.

ನೇಟಾಲ್‌ಗೆ ಹೋದ ಹಡಗುಗಳ ಪಟ್ಟಿ ನೋಡಿದ್ರೆ ಒಬ್ಬೊಬ್ಬರಿಗೂ ಒಂದು ನಂಬರ್, ಆಮೇಲೆ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು. ಅಷ್ಟು ವಿವರ ಬರ್ಕೊಂಡೂ ತೋಟಕ್ಕೆ ಹೋದ್ಮೇಲೆ ಎಲ್ಲರೂ ಬರೀ ಕೂಲಿ. ಅಲ್ಲಿನ ಮೊಹರಂ ಮೆರವಣಿಗೆಗೆ ಬಿಳಿಯರು 'ಕೂಲಿ ಕ್ರಿಸ್‌ಮಸ್' ಅಂದ್ರು, ಜೋಹಾನ್ಸ್‌ಬರ್ಗ್‌ನಲ್ಲಿ ಭಾರತೀಯರನ್ನ ಕೂಡಿಟ್ಟ ಜಾಗಕ್ಕೆ 'ಕೂಲಿ ಲೊಕೇಶನ್' ಅಂದ್ರು, ಮಾರಿಷಸ್‌ನಲ್ಲಿ ಇಳಿಯೋ ಜಾಗ 'ಕೂಲಿ ಘಾಟ್'. ಹಬ್ಬಕ್ಕೆ, ಬೀದಿಗೆ, ಬಂದರಿಗೆ ಎಲ್ಲದಕ್ಕೂ ಅಂಟಿದ್ಮೇಲೆ ಅದು ಕೆಲಸದ ಹೆಸರಾಗಿ ಎಲ್ಲಿ ಉಳಿಯುತ್ತೆ? ನಮ್ಮ ಭಾಷಾ ವಿಜ್ಞಾನದ ಪಠ್ಯಗಳಲ್ಲಿ ಇದಕ್ಕೆ, ಅಂದ್ರೆ ಪದದ ಅರ್ಥ ಕೀಳಾಗೋದಕ್ಕೆ, ಹೀನಾರ್ಥಪ್ರಾಪ್ತಿ ಅಂತಾರೆ. ನಂಗೆ ಆ ಹೆಸರು ಯಾಕೋ ಸಾಲಲ್ಲ, ಪದಕ್ಕೆ ತಾನಾಗೇ ಏನೋ ರೋಗ ಬಂದ ಹಾಗೆ ಕೇಳ್ಸುತ್ತೆ, ಇಲ್ಲಿ ಮಾಡಿದವರು ಇದಾರೆ.

1893ರಲ್ಲಿ ದಕ್ಷಿಣ ಆಫ್ರಿಕಾಗೆ ಹೋದ ಗಾಂಧಿ ಅಲ್ಲಿ 'ಕೂಲಿ ಬ್ಯಾರಿಸ್ಟರ್', ವ್ಯಾಪಾರಿಗಳು 'ಕೂಲಿ ವ್ಯಾಪಾರಿ'. ತಮಿಳರ ಹೆಸರುಗಳಲ್ಲಿ ಸ್ವಾಮಿ ಬರುತ್ತಲ್ಲ, ಅದನ್ನೇ 'ಸಾಮಿ' ಮಾಡಿ ಬಿಳಿಯರು ಅದನ್ನೂ ಬೈಗುಳದ ಹಾಗೆ ಬಳಸ್ತಿದ್ರು, ಸ್ವಾಮಿ ಅಂದ್ರೆ ಒಡೆಯ ಅಂತ, ನಾನು ನಿಮ್ಮ ಒಡೆಯ ಅಲ್ಲ ಅಂತ ಕೆಲವರು ತಿರುಗಿ ಹೇಳ್ತಿದ್ರಂತೆ. ಇದೆಲ್ಲ ಗಾಂಧಿಯ ಆತ್ಮಕಥೆಯಲ್ಲಿದೆ. ಅದರಲ್ಲೇ ಇನ್ನೊಂದು ವಿಷ್ಯ ಇದೆ, ಅದನ್ನ ಜನ ಅಷ್ಟಾಗಿ ಗಮನಿಸಲ್ಲ: ಕೂಲಿ ಅನ್ನೋ ಹೆಸರಿಂದ ತಪ್ಪಿಸ್ಕೊಳ್ಳೋಕೆ ಮುಸ್ಲಿಂ ವ್ಯಾಪಾರಿಗಳು ತಮ್ಮನ್ನ ಅರಬರು ಅಂತ, ಪಾರ್ಸಿ ಗುಮಾಸ್ತರು ಪರ್ಷಿಯನ್ನರು ಅಂತ ಕರ್ಕೊಳ್ತಿದ್ರು.

ಇದು ಯಾಕೆ ಕೆಲಸ ಮಾಡಲ್ಲ ಅನ್ನೋದಕ್ಕೆ ಭಾಷಾ ವಿಜ್ಞಾನದಲ್ಲಿ ಒಂದು ಒಳ್ಳೆ ವಿವರಣೆ ಇದೆ. ವಾಕ್ಯಕ್ಕೆ 'ಅಲ್ಲ' ಸೇರಿಸಿ ನೋಡಿ. 'ಅವನು ಕಳ್ಳ' ಅನ್ನೋದನ್ನ 'ಅವನು ಕಳ್ಳ ಅಲ್ಲ' ಮಾಡಿದ್ರೆ ಆರೋಪ ಅಲ್ಲಿಗೆ ಮುಗೀತು. ಆದ್ರೆ ನೇಟಾಲ್‌ನ ಬಿಳಿಯ ಒಬ್ಬ 'ಆ ಅಂಗಡಿಯವನು ಕೂಲಿ ಅಲ್ಲ' ಅಂದ್ರೆ, ಅಥವಾ 'ಅವನು ಕೂಲಿನಾ?' ಅಂತ ಬರೀ ಪ್ರಶ್ನೆ ಕೇಳಿದ್ರೂ, ಭಾರತೀಯರೆಲ್ಲರ ಮೇಲಿನ ತಿರಸ್ಕಾರ ಅಲ್ಲೇ ಇರುತ್ತೆ. ಮಾಮೂಲಿ ಪದದ ಅರ್ಥವನ್ನ ಅಲ್ಲಗಳೆಯಬಹುದು, ಜನಾಂಗದ ಬೈಗುಳದಲ್ಲಿರೋ ತಿರಸ್ಕಾರ ವಾಕ್ಯದ ವ್ಯಾಕರಣಕ್ಕೆ ಸಿಗಲ್ಲ. ಅರಬ ಅಂತ ಹೇಳ್ಕೊಂಡ ವ್ಯಾಪಾರಿಗೆ ತಾನೊಬ್ಬ ಪಾರಾದೆ ಅನ್ನಿಸಿರಬಹುದು, ಆದ್ರೆ ಆ ಮಾತಿಂದ ಕಬ್ಬಿನ ಗದ್ದೆಯಲ್ಲಿದ್ದವರ ಮೇಲೆ ಬೈಗುಳ ಇನ್ನೂ ಗಟ್ಟಿಯಾಗಿ ಕೂತ್ಕೊಳ್ತು, ಯಾಕಂದ್ರೆ ಆ ಪದ ಅವರಿಗಾದ್ರೆ ಸರಿ ಅಂತ ಒಪ್ಪಿದ ಹಾಗಾಯ್ತಲ್ಲ. ನನಗೆ ಇದು ಬಿಳಿಯರ ಬೈಗುಳಕ್ಕಿಂತ ಹೆಚ್ಚು ಸಂಕಟ ಕೊಡುತ್ತೆ.

ಕರಾರು ಪದ್ಧತಿ 1917ರಲ್ಲಿ ನಿಂತು 1920ರ ಹೊತ್ತಿಗೆ ಪೂರ್ತಿ ಮುಗೀತು, ಪದ ಮುಗೀಲಿಲ್ಲ. ಮಾರಿಷಸ್‌ನವರು ಕೂಲಿ ಘಾಟ್ ಹೆಸರನ್ನ ಆಪ್ರವಾಸಿ ಘಾಟ್ ಅಂತ ಬದಲಾಯಿಸಿದ್ರು, 2006ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆ ತಾಣ ಮಾಡ್ತು. ಭಾರತದಲ್ಲಿ 2016ರ ರೈಲ್ವೆ ಬಜೆಟ್‌ನಲ್ಲಿ ಸ್ಟೇಷನ್ ಕೂಲಿಗಳನ್ನ ಇನ್ಮೇಲೆ ಸಹಾಯಕ್ ಅಂತ ಕರೀಬೇಕು ಅಂದ್ರು. ಕೆಂಪು ಅಂಗಿಯವರಿಗೆ ನಿಗದಿ ಸಂಬಳ ಇಲ್ಲದಿರೋವಾಗ ಹೆಸರು ಮಾತ್ರ ಬದಲಾದ್ರೆ ಏನು ಸಿಕ್ಕಂಗಾಯ್ತು ಅಂತ ನನಗಂತೂ ಅನ್ಸುತ್ತೆ.

ಗಯಾನಾದ ಲೇಖಕಿ ರಾಜಕುಮಾರಿ ಸಿಂಗ್ ಹಿಡಿದ ದಾರಿ ಬೇರೆ. 1973ರಲ್ಲಿ ಅವರು 'ನಾನೊಬ್ಬ ಕೂಲಿ' ಅನ್ನೋ ಪ್ರಬಂಧ ಬರೆದು, ಆ ಹೆಸರನ್ನ ಹೊತ್ತು ದುಡಿದ ಅಜ್ಜ ಅಜ್ಜಿಯರ ಗೌರವಕ್ಕಾಗಿ ನಾವೇ ಅದನ್ನ ಎತ್ಕೋಬೇಕು ಅಂತ ವಾದಿಸಿದ್ರು. ಆಮೇಲೆ ಮಾರಿಷಸ್ ಕವಿ ಖಾಲ್ ತೊರಾಬುಲ್ಲಿ ಇದೇ ಪದದಿಂದ 'ಕೂಲಿಟ್ಯೂಡ್' ಅನ್ನೋ ಚಿಂತನೆ ಕಟ್ಟಿದ್ರು. ಅರಬರು ಅಂತ ಹೇಳ್ಕೊಂಡ ವ್ಯಾಪಾರಿಗಳು ಮಾಡಿದ್ದಕ್ಕೆ ಇದು ಪೂರ್ತಿ ಉಲ್ಟಾ, 'ನಾನಲ್ಲ' ಅನ್ನೋ ಬದ್ಲು 'ನಾನೇ, ಏನೀಗ?' ಅನ್ನೋದು. ದಕ್ಷಿಣ ಆಫ್ರಿಕಾದ ಭಾರತೀಯರಲ್ಲಿ ಬಹಳಷ್ಟು ಜನಕ್ಕೆ ಇದು ಒಪ್ಪಿಗೆ ಇಲ್ಲ, ವರ್ಣಭೇದದ ಕಾಲದಲ್ಲಿ ಬೀದೀಲಿ ಮುಖಕ್ಕೆ ಎಸೆಸ್ಕೊಂಡ ಮಾತು ಅದು, ಅದನ್ನ ಮತ್ತೆ ಬಾಯಿಗೆ ತಗೊಳ್ಳೋಕೆ ಅವರಿಗೆ ಮನಸ್ಸಿಲ್ಲ.