ನೀರು ಎಲ್ಲಿಯವರೆಗೆ ಬಂದಿತ್ತು?

1930ರಲ್ಲಿ ರಿಚರ್ಡ್ ಲಾಪಿಯೇರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಚೀನಾ ಮೂಲದ ಒಬ್ಬ ವಿದ್ಯಾರ್ಥಿ ಮತ್ತು ಅವನ ಹೆಂಡತಿಯ ಜೊತೆ ಕಾರು ಹತ್ತಿ ದೇಶ ತಿರುಗಲು ಹೊರಟ. ಚೀನೀಯರೆಂದರೆ ಅಲ್ಲಿ ಜನ ಮೂಗು ಮುರಿಯುತ್ತಿದ್ದ ಕಾಲ ಅದು. ಎರಡು ವರ್ಷಗಳಲ್ಲಿ ಬಿಟ್ಟು ಬಿಟ್ಟು ಮಾಡಿದ ಹತ್ತು ಸಾವಿರ ಮೈಲಿಗಳ ಪ್ರಯಾಣದಲ್ಲಿ 251 ಹೋಟೆಲು, ವಸತಿಗೃಹಗಳ ಮೆಟ್ಟಿಲು ಹತ್ತಿದ್ದಾಯಿತು. ಆ ದಂಪತಿಯನ್ನು ಒಳಗೆ ಬಿಡದೆ ಕಳುಹಿಸಿದ್ದು ಒಂದೇ ಒಂದು ಕಡೆ. ಆರು ತಿಂಗಳು ಕಳೆದ ಮೇಲೆ ಅವೇ ಜಾಗಗಳಿಗೆ ಕಾಗದ ಬರೆದು, ಚೀನೀಯರನ್ನು ಸೇರಿಸುತ್ತೀರಾ ಎಂದು ಕೇಳಿದ. ಉತ್ತರ ಬರೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲ ಎಂದರು.

1934ರಲ್ಲಿ ಪ್ರಕಟವಾದ ಈ ಬರಹದ ಬಗ್ಗೆ ತಕರಾರುಗಳಿವೆ. ಬಾಗಿಲಲ್ಲಿ ನಗುತ್ತಾ ಬರಮಾಡಿಕೊಂಡವನೂ ಕಚೇರಿಯಲ್ಲಿ ಕುಳಿತು ಉತ್ತರ ಬರೆದವನೂ ಒಬ್ಬನೇ ಎಂದು ಹೇಗೆ ನಂಬುವುದು? ಆದರೂ 'ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ' ಎಂಬ ನಮ್ಮ ಗಾದೆ ಅಲ್ಲಿಂದ ಮುಂದೆ ಸಂಶೋಧನೆಯ ವಿಷಯವಾಯಿತು. ಜನರ ಪ್ರಯಾಣದ ಆಯ್ಕೆಗಳನ್ನು ಅಧ್ಯಯನ ಮಾಡುವವರು ಇಂದಿಗೂ ಮತ್ತೆ ಮತ್ತೆ ಎಡವುವುದು ಇದೇ ಕಲ್ಲನ್ನು. ಪರಿಸರ ಕೆಡುತ್ತಿದೆ ಎಂದು ಮನಸಾರೆ ಒಪ್ಪುವ ಮನುಷ್ಯ ಮರುಕ್ಷಣವೇ ಕಾರಿನ ಕೀಲಿಗೆ ಕೈ ಚಾಚುತ್ತಾನೆ. ಅವನು ಸುಳ್ಳುಗಾರನೇನಲ್ಲ.

ಎರಡನೇ ಮಹಾಯುದ್ಧ ಮುಗಿದು ನಗರಗಳು ಹಿಗ್ಗತೊಡಗಿದಾಗ ಜನರ ಓಡಾಟವನ್ನು ಲೆಕ್ಕ ಹಾಕಲು ಮೊದಲು ಕಣಕ್ಕಿಳಿದವರು ಎಂಜಿನಿಯರುಗಳು. ಅವರ ಮಾತನ್ನು ಗಮನಿಸಿ ನೋಡಿ: ವಾಹನಗಳ 'ಹರಿವು', ಹೊಸ 'ಕವಲು', ಬೆಳಗಿನ ಹೊತ್ತಿನ 'ಉಬ್ಬರ'. ಎಲ್ಲವೂ ನೀರಿನ ಭಾಷೆ. ಪ್ರಯಾಣಿಕರೆಂದರೆ ಒಂದು ಹೊಳೆ, ಉಕ್ಕಿದರೆ ಪಾತ್ರ ಅಗಲ ಮಾಡಬೇಕು ಎಂಬುದು ಅವರ ಲೆಕ್ಕ. ಅಗಲ ಮಾಡಿದಷ್ಟೂ ಉಕ್ಕುವ ವಿಚಿತ್ರ ಹೊಳೆ ಇದು ಎಂಬುದನ್ನು 1962ರಲ್ಲೇ ಆಂಥನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ ಎತ್ತಿ ತೋರಿಸಿದರು. ಹೊಸ ಹೆದ್ದಾರಿ ತೆರೆದ ಸ್ವಲ್ಪ ಕಾಲಕ್ಕೆ, ಬೇರೆ ದಾರಿ ಹಿಡಿಯುತ್ತಿದ್ದವರು, ಬೇರೆ ಹೊತ್ತಿಗೆ ಹೊರಡುತ್ತಿದ್ದವರು, ಬಸ್ಸು ರೈಲುಗಳಲ್ಲಿ ಹೋಗುತ್ತಿದ್ದವರು ಎಲ್ಲರೂ ಅದಕ್ಕೇ ಬಂದು ಸೇರುತ್ತಾರೆ. ದಟ್ಟಣೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಆರು ದಶಕಗಳಾದರೂ ರಸ್ತೆ ಅಗಲೀಕರಣದ ಶಂಕುಸ್ಥಾಪನೆ ನಿಂತಿಲ್ಲ, ಆ ಮಾತು ಬೇರೆ.

ಹೊಳೆಯನ್ನು ಬಿಟ್ಟು ಹನಿಯನ್ನು ನೋಡಿದವರು ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್. 1970ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ 'ಬಾರ್ಟ್' ಎಂಬ ಹೊಸ ರೈಲು ಜಾಲ ಓಡಲು ಸಿದ್ಧವಾಗುತ್ತಿತ್ತು. ಕೆಲಸಕ್ಕೆ ಹೋಗುವವರಲ್ಲಿ ಎಷ್ಟು ಮಂದಿ ರೈಲು ಹತ್ತುತ್ತಾರೆ? ನೂರಕ್ಕೆ 15 ಎಂದು ಅಧಿಕೃತ ಅಂದಾಜು ಹೇಳಿತು. ಮೆಕ್‌ಫ್ಯಾಡನ್ ತಂಡ ಒಬ್ಬೊಬ್ಬ ಪ್ರಯಾಣಿಕನ ಮುಂದಿರುವ ಆಯ್ಕೆಗಳನ್ನು ತಕ್ಕಡಿಗೆ ಹಾಕಿತು. ಎಷ್ಟು ಖರ್ಚು, ಎಷ್ಟು ಹೊತ್ತಿನ ಪ್ರಯಾಣ, ನಿಲ್ದಾಣಕ್ಕೆ ಎಷ್ಟು ನಡೆಯಬೇಕು, ಎಷ್ಟು ಕಾಯಬೇಕು. ಲೆಕ್ಕ 6.3ಕ್ಕೆ ಬಂದು ನಿಂತಿತು. ರೈಲು ಓಡತೊಡಗಿದ ಮೇಲೆ ಎಣಿಸಿದಾಗ ಸಿಕ್ಕಿದ್ದು 6.2. ಜನರ ಆಯ್ಕೆಗಳನ್ನು ಹೀಗೆ ಲೆಕ್ಕಕ್ಕೆ ಒಗ್ಗಿಸಿದ್ದಕ್ಕಾಗಿ 2000ದಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಆ ತಕ್ಕಡಿಯಲ್ಲಿ ನಿಮಿಷಕ್ಕೆ ಬೆಲೆ ಇತ್ತು, ನಡಿಗೆಗೆ ಬೆಲೆ ಇತ್ತು. ಹೊಗೆಗೆ ಇರಲಿಲ್ಲ. ವಾತಾವರಣದ ಲೆಕ್ಕ ಇಡುತ್ತಿದ್ದವರು ಬೇರೆಯೇ ಕೋಣೆಯಲ್ಲಿ ಕುಳಿತಿದ್ದರು. ಉಗಿ ಎಂಜಿನಿಯರ್ ಗೈ ಕ್ಯಾಲೆಂಡರ್ ಬಿಡುವಿನ ವೇಳೆಯಲ್ಲಿ ಹಳೆಯ ತಾಪಮಾನದ ದಾಖಲೆಗಳನ್ನು ಕೂಡಿ ಕಳೆದು, ಭೂಮಿ ಬಿಸಿಯಾಗುತ್ತಿದೆ ಎಂದು 1938ರಲ್ಲೇ ಹೇಳಿದ್ದರು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಿಂದ ಗಾಳಿಯನ್ನು ಅಳೆಯತೊಡಗಿದರು. ಹತ್ತು ಲಕ್ಷ ಕಣಗಳಿಗೆ 313ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಇಷ್ಟೆಲ್ಲ ಗೊತ್ತಿದ್ದರೂ ಯಾವುದೋ ಒಂದು ನೆರೆಯನ್ನು ತೋರಿಸಿ ಇದು ನಮ್ಮ ಹೊಗೆಯಿಂದ ಎನ್ನುವ ಧೈರ್ಯ ವಿಜ್ಞಾನಿಗಳಿಗೆ ಬಹಳ ಕಾಲ ಬರಲಿಲ್ಲ.

ಬಂದದ್ದು ಒಂದು ಅಡುಗೆಮನೆಯ ಬಾಗಿಲಲ್ಲಿ ಎನ್ನಬಹುದು. 2003ರ ಜನವರಿಯಲ್ಲಿ ಥೇಮ್ಸ್ ನದಿ ಉಕ್ಕಿದಾಗ ಆಕ್ಸ್‌ಫರ್ಡ್‌ನ ಹವಾಮಾನ ವಿಜ್ಞಾನಿ ಮೈಲ್ಸ್ ಆ್ಯಲನ್ ಮನೆಯಲ್ಲಿ ಕುಳಿತು ಬರೆಯುತ್ತಿದ್ದರು. ನೀರು ಅಡುಗೆಮನೆಯ ಬಾಗಿಲಿಗೆ 30 ಸೆಂಟಿಮೀಟರ್ ದೂರದಲ್ಲಿತ್ತು, ಮೆಲ್ಲಗೆ ಏರುತ್ತಿತ್ತು. ಈ ನಷ್ಟಕ್ಕೆ ಯಾರ ಮೇಲೆ ದಾವೆ ಹೂಡಬೇಕು ಎಂಬುದು ಅವರ ಲೇಖನದ ಪ್ರಶ್ನೆ. 'ನೇಚರ್' ಪತ್ರಿಕೆಯಲ್ಲಿ ಬಂದ ಆ ಪುಟ್ಟ ಬರಹದಿಂದ ಒಂದು ಹೊಸ ಶಾಖೆಯೇ ಚಿಗುರಿತು. ಮನುಷ್ಯ ಹೊಗೆ ಕಾರದಿದ್ದ ಒಂದು ಕಲ್ಪಿತ ಜಗತ್ತನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಓಡಿಸಿ, ನಿಜ ಜಗತ್ತಿನ ಮಳೆಯ ಜೊತೆ ತಾಳೆ ನೋಡುವ ವಿಧಾನ ಅದು. 2000ದ ಶರತ್ಕಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಮುಳುಗಿದ್ದನ್ನು ಹೀಗೆ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಂತಹ ನೆರೆಯ ಸಂಭವವನ್ನು ಮನುಷ್ಯನ ಹೊಗೆ ಹೆಚ್ಚಿಸಿತ್ತು ಎಂದು ಅದು ತೋರಿಸಿತು. ಹೊಗೆಯ ಕೊಳವೆಗೂ ಅಡುಗೆಮನೆಯ ಹೊಸ್ತಿಲಿಗೂ ನಡುವೆ ದಾರವೊಂದು ಸಿಕ್ಕಿತು.

ದಾರ ಸಿಕ್ಕಿತು, ಆದರೆ ಅದು ಸಂಭವನೀಯತೆಯ ದಾರ. ಇಷ್ಟು ಪಟ್ಟು ಹೆಚ್ಚಿದ ಸಂಭವ ಎಂದರೆ ಯಾರ ಎದೆಯೂ ಝಲ್ಲೆನ್ನುವುದಿಲ್ಲ. ಝಲ್ಲೆನಿಸುವ ಕೆಲಸವನ್ನು ಶತಮಾನಗಳಿಂದ ಮಾಡಿಕೊಂಡು ಬಂದವರು ಚಿತ್ರಕಾರರು. ಅವರೂ ಒಂದೇ ರೀತಿಯಲ್ಲಿ ಮಾಡಿದವರಲ್ಲ.

ಲಿಯೊನಾರ್ಡೊ ಡ ವಿಂಚಿ ತನ್ನ ಕೊನೆಯ ವರ್ಷಗಳಲ್ಲಿ, 1517-18ರ ಸುಮಾರಿಗೆ, ಕಪ್ಪು ಸೀಮೆಸುಣ್ಣ ಹಿಡಿದು ಪ್ರಳಯದ ಚಿತ್ರಗಳ ಒಂದು ಸರಣಿಯನ್ನೇ ಬರೆದ. ಕಾಗದದ ಹಾಳೆಗಳು ದೊಡ್ಡವಲ್ಲ. ಹತ್ತಿರ ಹೋದರೆ ಕಾಣುವುದು ಸುರುಳಿ, ಸುರುಳಿಯೊಳಗೆ ಸುರುಳಿ. ನೀರು, ಗಾಳಿ, ಸಿಡಿದ ಬೆಟ್ಟದ ಚೂರುಗಳು ಎಲ್ಲವೂ ಜಡೆ ಹೆಣೆದಂತೆ ಒಂದರೊಳಗೊಂದು ಸಿಕ್ಕಿಕೊಂಡಿವೆ. ನೀರಿನ ಸುಳಿಯನ್ನು ಕೂದಲಿನ ಗುಂಗುರಿಗೆ ಹೋಲಿಸಿದವನೂ ಆತನೇ. ಕಾಲುವೆ, ತೂಬುಗಳನ್ನು ಜೀವನವಿಡೀ ಅಳೆದವನು ಕೊನೆಗೆ ಬರೆದದ್ದು ಅಳತೆಗೆ ಸಿಗದ ನೀರನ್ನು. 1525ರ ಜೂನ್‌ನ ಒಂದು ರಾತ್ರಿ ಆಲ್‌ಬ್ರೆಕ್ಟ್ ಡ್ಯೂರರ್ ಆಕಾಶದಿಂದ ನೀರಿನ ಕಂಬಗಳು ಇಳಿಯುವ ಕನಸು ಕಂಡು ಮೈಯೆಲ್ಲ ನಡುಗುತ್ತಾ ಎದ್ದ. ಕಂಡದ್ದನ್ನು ಜಲವರ್ಣದಲ್ಲಿ ಬರೆದು, ಕೆಳಗೆ ನಡುಕವನ್ನೂ ದಾಖಲಿಸಿದ. ಇವೆರಡೂ ಕಲ್ಪನೆಯ ನೀರು.

ನಿಜವಾಗಿ ಬಂದ ನೀರಿನ ಚಿತ್ರಗಳು ಬೇರೆ ತರಹ. 1876ರಲ್ಲಿ ಸೇನ್ ನದಿ ಉಕ್ಕಿ ಪೋರ್ ಮಾರ್ಲಿ ಎಂಬ ಊರಿಗೆ ನುಗ್ಗಿದಾಗ ಆಲ್ಫ್ರೆಡ್ ಸಿಸ್ಲಿ ಅದನ್ನು ಹಲವು ಸಲ ಬರೆದ. ಗೋಳಾಟವಿಲ್ಲ, ಚೀರಾಟವಿಲ್ಲ. ದ್ರಾಕ್ಷಾರಸದ ವ್ಯಾಪಾರಿಯ ಮನೆ ನೀರಿನ ನಡುವೆ ಸುಮ್ಮನೆ ನಿಂತಿದೆ, ಮೋಡ ನೀರಿನಲ್ಲಿ ತೇಲುತ್ತಿದೆ, ದೋಣಿಯೊಂದು ಮನೆಯ ಪಕ್ಕದಲ್ಲಿದೆ. ಬಹಳ ಸುಂದರ ಚಿತ್ರ. ನನಗೆ ಅದೇ ತೊಡಕೆನಿಸುತ್ತದೆ: ಮುಳುಗಿದ ಊರು ಅಷ್ಟು ಚೆನ್ನಾಗಿ ಕಾಣಬಾರದು.

ನೆದರ್‌ಲೆಂಡ್ಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. 1421ರ ನವೆಂಬರ್‌ನಲ್ಲಿ ಸಂತ ಎಲಿಜಬೆತ್ ಹಬ್ಬದ ರಾತ್ರಿ ಒಡ್ಡು ಒಡೆದು ಡೋರ್ಡ್ರೆಕ್ಟ್ ಪಟ್ಟಣದ ಸುತ್ತಲಿನ ಹಳ್ಳಿಗಳು ನೀರುಪಾಲಾದವು. ಸುಮಾರು 70 ವರ್ಷಗಳ ನಂತರ ಬರೆದ ಫಲಕಗಳು ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿವೆ. ನೀರಿನಿಂದ ತಲೆಯೆತ್ತಿದ ಚರ್ಚಿನ ಗೋಪುರಗಳು, ಗಂಟುಮೂಟೆಗಳೊಂದಿಗೆ ದೋಣಿ ಹತ್ತುವ ಜನ. ಆದರೆ ಮಂದಿಯ ಬಾಯಲ್ಲಿ ಉಳಿದ ನೆನಪು ಇದಲ್ಲ. ತೇಲಿ ಬಂದ ಒಂದು ತೊಟ್ಟಿಲು, ಒಳಗೆ ಮಗು, ತೊಟ್ಟಿಲು ಮಗುಚದಂತೆ ಆಚೆ ಈಚೆ ಜಿಗಿಯುತ್ತಾ ತೂಕ ಸರಿಮಾಡುತ್ತಿದ್ದ ಬೆಕ್ಕು. 1856ರಲ್ಲಿ ಲಾರೆನ್ಸ್ ಆಲ್ಮಾ ಟಡೆಮಾ ಆ ನೆರೆಯನ್ನು ಬರೆದಾಗ ಚಿತ್ರದ ನಡುವೆ ಇಟ್ಟದ್ದು ಈ ತೊಟ್ಟಿಲು ಮತ್ತು ಬೆಕ್ಕನ್ನೇ. ಒಡ್ಡು ಏಕೆ ಒಡೆಯಿತು ಎಂಬುದು ಹೋಯಿತು, ಬೆಕ್ಕು ಉಳಿಯಿತು.

ನೆನಪಿಗೂ ಆಯಸ್ಸಿದೆ. ಜೆಕ್ ಸಂಶೋಧಕರು 2019ರಲ್ಲಿ ವ್ಲ್ಟಾವಾ ನದಿಯ ಕಣಿವೆಯ ಸಾವಿರಕ್ಕೂ ಹೆಚ್ಚು ಊರುಗಳ ಶತಮಾನಗಳ ಇತಿಹಾಸವನ್ನು ಜಾಲಾಡಿದರು. ದೊಡ್ಡ ನೆರೆ ಬಂದ ಮೇಲೆ ಜನ ಎತ್ತರದಲ್ಲಿ ಮನೆ ಕಟ್ಟುತ್ತಾರೆ. ನೆರೆ ಕಂಡವರು ತೀರಿಕೊಳ್ಳುತ್ತಿದ್ದಂತೆ, ಸುಮಾರು ಒಂದು ತಲೆಮಾರಿನೊಳಗೆ, ಹೊಸ ಮನೆಗಳು ಮತ್ತೆ ನದಿಯತ್ತ ಇಳಿಯುತ್ತವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತೇವಲ್ಲ, ಇಲ್ಲಿ ಹೊಳೆಯನ್ನೇ ಮರೆಯುತ್ತಾರೆ.

ಇನ್ನೂ ಬಾರದ ನೀರನ್ನು ನೆನಪಿಸುವುದು ಹೇಗೆ? ಅಮೆರಿಕದ ಕಲಾವಿದೆ ಈವ್ ಮೋಶರ್ 2007ರಲ್ಲಿ ಆಟದ ಮೈದಾನಕ್ಕೆ ಗೆರೆ ಎಳೆಯುವ ತಳ್ಳುಗಾಡಿ ತೆಗೆದುಕೊಂಡು, ಅದಕ್ಕೆ ನೀಲಿ ಸುಣ್ಣದ ಪುಡಿ ತುಂಬಿ, ನ್ಯೂಯಾರ್ಕಿನ ಬೀದಿಗಳಲ್ಲಿ ನಡೆದರು. ಸಮುದ್ರ ಮಟ್ಟದಿಂದ ಹತ್ತು ಅಡಿ ಎತ್ತರದ ಗೆರೆ ಎಲ್ಲೆಲ್ಲಿ ಹಾಯುತ್ತದೋ ಅಲ್ಲೆಲ್ಲ ಸುಮಾರು 70 ಮೈಲಿ ಎಳೆದರು. ಏನು ಮಾಡುತ್ತಿದ್ದೀರಿ ಎಂದು ದಾರಿಹೋಕರು ಕೇಳುವರು, ಚಂಡಮಾರುತ ಬಂದರೆ ನೀರು ಇಲ್ಲಿಗೆ ಬರುತ್ತದೆ ಎಂದು ಅವರು ಹೇಳುವರು. ಕೃತಿ ಎಂದರೆ ಅಷ್ಟೇ. ಗೆರೆ ಅಳಿಸಿಹೋಯಿತು. 2012ರ ಅಕ್ಟೋಬರ್‌ನಲ್ಲಿ 'ಸ್ಯಾಂಡಿ' ಚಂಡಮಾರುತ ಬಂದಾಗ ನೀರು ಆ ಗೆರೆ ಹಾದಿದ್ದ ಎಷ್ಟೋ ಬೀದಿಗಳಿಗೆ ನುಗ್ಗಿತು. ನಾನು ಕೇಳಿ ತಿಳಿದ ನೆರೆಯ ಕೃತಿಗಳಲ್ಲಿ ನನಗೆ ಇದೇ ಮೇಲು. ಹೊಸ್ತಿಲನ್ನು ತೋರಿಸಿ ಮಾತನಾಡುವ ಕಲೆ ಇದು, ಗ್ಯಾಲರಿಗೆ ಕರೆಯುವುದಿಲ್ಲ.

ಕಲಾವಿದ ಓಲಾಫರ್ ಎಲಿಯಾಸನ್ ಮತ್ತು ಭೂವಿಜ್ಞಾನಿ ಮಿನಿಕ್ ರೋಸಿಂಗ್ ದಾರಿ ಬೇರೆ. ಗ್ರೀನ್‌ಲೆಂಡ್‌ನಲ್ಲಿ ಹಿಮನದಿಯಿಂದ ಕಳಚಿ ನೀರಿನಲ್ಲಿ ತೇಲುತ್ತಿದ್ದ ಮಂಜಿನ ಬಂಡೆಗಳನ್ನು ಹಿಡಿದು ತಂದು, 2014ರಲ್ಲಿ ಕೋಪನ್‌ಹೇಗನ್, 2015ರಲ್ಲಿ ಹವಾಮಾನ ಸಮ್ಮೇಳನದ ವೇಳೆ ಪ್ಯಾರಿಸ್, 2018ರಲ್ಲಿ ಲಂಡನ್‌ನ ಬಯಲುಗಳಲ್ಲಿ ಕರಗಲು ಬಿಟ್ಟರು. ಜನ ಕೆನ್ನೆಯಿಟ್ಟು ನೋಡಿದರು, ಮಕ್ಕಳು ನೆಕ್ಕಿದರು. ಅಷ್ಟು ದೂರದಿಂದ ಮಂಜು ತಂದದ್ದರ ಹೊಗೆ ಎಷ್ಟು ಎಂಬ ಪ್ರಶ್ನೆ ಏಳದೆ ಇರುತ್ತದೆಯೇ? ಕಲಾವಿದನ ಕಡೆಯವರೇ ಲೆಕ್ಕ ಹಾಕಿಸಿ ಪ್ರಕಟಿಸಿದರು. ಹೊರೆಯ ಬಹುಪಾಲು ಸಾಗಣೆಯದ್ದೇ ಆಗಿತ್ತು. ಸಂಶೋಧಕರು ನಗುವ ಹಾಗಿಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಹವಾಮಾನ ಬದಲಾವಣೆಯ ಸಂಶೋಧಕರು ವರ್ಷಕ್ಕೆ ಸರಾಸರಿ ಐದು ಬಾರಿ ವಿಮಾನ ಹತ್ತುತ್ತಿದ್ದರು, ಉಳಿದ ವಿಷಯಗಳ ಸಂಶೋಧಕರು ನಾಲ್ಕು ಬಾರಿ. ಬದನೆಕಾಯಿ ಅಲ್ಲೂ ಬೇಯುತ್ತಿದೆ.

ಪ್ಯಾರಿಸ್ ಸಮ್ಮೇಳನದ ವೇಳೆ ಪ್ರದರ್ಶಿಸಿದ 37 ಕೃತಿಗಳ ಎದುರು ನಿಂತವರನ್ನು ನಾರ್ವೆಯ ವಿಶ್ವವಿದ್ಯಾಲಯವೊಂದರ ಸಂಶೋಧಕರಾದ ಲಾರಾ ಸೊಮರ್ ಮತ್ತು ಕ್ರಿಶ್ಚಿಯನ್ ಕ್ಲೋಕ್ನರ್ ಅಲ್ಲೇ ಮಾತನಾಡಿಸಿದ್ದರು. ಭೀಕರ ಭವಿಷ್ಯ ತೋರಿಸಿದವು, ಹಿತವಾದ ಕನಸು ತೋರಿಸಿದವು, ಪುರಾಣದ ಛಾಯೆಯವು, ದಾರಿ ತೋರಿಸಿದವು ಎಂದು ಕೃತಿಗಳು ನಾಲ್ಕು ಗುಂಪಾದವು. ನೋಡಿದವರಲ್ಲಿ ಬೆಂಬಲದ ಭಾವನೆಯನ್ನು ಹೆಚ್ಚು ಎಬ್ಬಿಸಿದ್ದು ಕೊನೆಯ ಗುಂಪು. ಇದೂ ಬಾಯಿಮಾತೇ ಎಂದು ಲಾಪಿಯೇರ್ ಗೊಣಗುತ್ತಿದ್ದನೇನೋ. ಮನೆಗೆ ಹೇಗೆ ಹೋದರು ಎಂದು ಯಾರೂ ಹಿಂಬಾಲಿಸಲಿಲ್ಲ.

ಕಾಲುಗಳನ್ನೇ ಹಿಂಬಾಲಿಸಿದ ಅಧ್ಯಯನಗಳು ಹೇಳುವುದು ರೂಢಿಯ ಕಥೆ. 2014ರ ಫೆಬ್ರುವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಎರಡು ದಿನ ಮುಷ್ಕರ ಹೂಡಿದರು. ಪ್ರಯಾಣದ ಕಾರ್ಡುಗಳ ದಾಖಲೆ ನೋಡಿದರೆ, ಅನಿವಾರ್ಯವಾಗಿ ಬೇರೆ ದಾರಿ ಹಿಡಿದವರಲ್ಲಿ ನೂರಕ್ಕೆ ಸುಮಾರು ಐದು ಮಂದಿ ಮುಷ್ಕರ ಮುಗಿದ ಮೇಲೂ ಹೊಸ ದಾರಿಯನ್ನೇ ಉಳಿಸಿಕೊಂಡಿದ್ದರು. ವರ್ಷಗಟ್ಟಲೆ ಓಡಾಡಿದ ದಾರಿಗಿಂತ ಒಳ್ಳೆಯದೊಂದು ಪಕ್ಕದಲ್ಲೇ ಇತ್ತು, ಹುಡುಕಿರಲಿಲ್ಲ ಅಷ್ಟೇ.

ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ, ನಗರದ ನಡುಭಾಗಕ್ಕೆ ಬರುವ ಮತ್ತು ಅಲ್ಲಿಂದ ಹೊರಡುವ ವಾಹನಗಳಿಗೆ ಪ್ರಾಯೋಗಿಕವಾಗಿ ಸುಂಕ ಹಾಕಿತು. ಶುರುವಾಗುವ ಮುನ್ನ ಜನ ಸಿಡಿಮಿಡಿಗೊಂಡಿದ್ದರು. ಗಡಿ ದಾಟುವ ವಾಹನಗಳು ಮೊದಲ ದಿನಗಳಿಂದಲೇ ಐದನೇ ಒಂದರಷ್ಟು ಇಳಿದವು. ಸೆಪ್ಟೆಂಬರ್‌ನಲ್ಲಿ ಮತಕ್ಕಿಟ್ಟಾಗ ನಗರದವರು ಒಪ್ಪಿದರು, 2007ರಿಂದ ಸುಂಕ ಕಾಯಂ ಆಯಿತು. ಆಮೇಲೆ ಸಂಶೋಧಕರು ಕಾರು ಬಿಟ್ಟವರನ್ನು ಹುಡುಕಿಕೊಂಡು ಹೊರಟರು. ರಸ್ತೆಯಲ್ಲಿ ಎಣಿಸಿದಷ್ಟು ಇಳಿಕೆ ಜನರ ಉತ್ತರಗಳಲ್ಲಿ ಸಿಗಲಿಲ್ಲ. ನಾವೇನೂ ಬದಲಾಗಿಲ್ಲ, ಮೊದಲಿನಂತೆಯೇ ಓಡಾಡುತ್ತಿದ್ದೇವೆ ಎಂದರು ಎಷ್ಟೋ ಮಂದಿ. ಸುಂಕವನ್ನು ಮೊದಲು ವಿರೋಧಿಸಿ ಈಗ ಬೆಂಬಲಿಸುತ್ತಿದ್ದವರಲ್ಲಿ ಹಲವರಿಗೆ ತಾವು ಹಿಂದೆ ವಿರೋಧಿಸಿದ್ದೆವು ಎಂಬುದೇ ನೆನಪಿರಲಿಲ್ಲ.